ಏಳು ಬೋಲ್ಟಿನ ದೋಣಿ

ಸಿಂಧನೂರು, ಚಾದಂಗಡಿ

ವಿಲಾಯತಿಗೆ ಹೋಗಿ ಬಂದವರು ರಾಣಿ ಅರಮನಿ, ದೊಡ್ಡ ಗಡಿಯಾರ, ನೆಲದೊಳಗ ಓಡೋ ರೈಲು ಇಂಥವನ್ನ ಹೇಳಬೇಕಂತ ಜನ ಕಾಯ್ತಾರ. ನನ್ನ ಕಡಿಂದ ಅದು ಸಿಗಂಗಿಲ್ಲ. ಲಂಡನ್ ನಾ ನೋಡಿದ್ದು ಒಂದು ಮಧ್ಯಾಹ್ನ, ಅದೂ ಮಂಜಿನ್ಯಾಗ. ಮುಂದ ನಡಿಯಾವನ ಬೆನ್ನು ಬಿಟ್ಟು ಬ್ಯಾರೇನೂ ಕಾಣಲಿಲ್ಲ. ತಿರುಗಿ ಬಂದ ಹೊಸದರಾಗ ಸಿಂಧನೂರಿನ ಚಾದಂಗಡ್ಯಾಗ ಕುಂತಿದ್ದೆ. ಕಾಲುವಿ ಕೆಲಸಕ್ಕ ಬಂದ ಮಂದಿ ಸುತ್ತ ಕೂಡಿದ್ರು.

"ಅಲ್ಲೋ ಮಾನಪ್ಪ, ಅಷ್ಟು ನೀರು ದಾಟಿ ಹೋಗಿದ್ದಿ, ಏನ್ ಮಾಡಿ ಬಂದಿಯಪಾ?" ಅಂತ ಒಬ್ಬ ಕೇಳಿದ.

"ಒಂದು ಹಳೇ ದೋಣಿ ತಳದ ಬೋಲ್ಟು ಬಿಗಿ ಮಾಡಿ ಬಂದೆ" ಅಂದೆ.

ಬಿದ್ದು ಬಿದ್ದು ನಕ್ಕರು. "ಅದಕ್ಕ ಅಲ್ಲಿತನಕ ಯಾಕ ಹೋದಿ? ಇಲ್ಲೇ ಕಾಲುವಿ ಗೇಟಿನವು ಸಡ್ಲ ಆಗ್ಯಾವ, ಬಾ" ಅಂದ ಅವ. ನಗಲಿ ಬಿಡ್ರಿ. ಹೇಳಿದ್ದು ಖರೇನೇ. ಬರೇ ಅಷ್ಟೇ ಹೇಳಿ ಬಿಟ್ಟಿದ್ದು ನನ್ನ ತಪ್ಪು, ಅದಕ್ಕ ಈಗ ಪೂರಾ ಹೇಳಾಕತ್ತೀನಿ.

ನಮ್ಮದು ಮಸ್ಕಿ. ಅಪ್ಪ ಬಡಿಗ, ಗಾಡಿ ಗಾಲಿ ಮಾಡಾದ್ರಾಗ ಸುತ್ತಿನ ಹಳ್ಳಿಗೆಲ್ಲಾ ಹೆಸರಾದಾವ. ನಾ ಕಟಿಗಿ ಬಿಟ್ಟು ಕಬ್ಬಿಣ ಹಿಡದೆ, ಲಿಂಗಸುಗೂರು ಕಡೆ ಬಂಗಾರದ ಗಣ್ಯಾಗ ಫಿಟ್ಟರ್ ಆದೆ. ನಿಜಾಮರ ಆಳಿಕಿ ಮುಗದು ಐದಾರು ವರ್ಷ ಆಗಿತ್ತು. ಗಣಿಗೆ ಒಂದು ಹೊಸ ಯಂತ್ರ ಬರೂದಿತ್ತು. ಮಂದೀನ್ನ ಡೋಲ್ಯಾಗ ನಿಲ್ಲಿಸಿ ಹಗ್ಗದಿಂದ ಪಾತಾಳಕ್ಕ ಇಳಿಸಿ ಮ್ಯಾಲ ಎಳಿಯೋ ಯಂತ್ರ ಅದು. ಇಂಗ್ಲೆಂಡಿನ ತೆಂಕಣ ಮೂಲ್ಯಾಗ, ಸಮುದ್ರ ದಂಡಿಯ ಒಂದು ಊರಾಗ ಅದನ್ನ ತಯಾರ ಮಾಡಾಕತ್ತಿದ್ರು. ನಮ್ಮಾವ ಒಬ್ಬ ಅಲ್ಲಿಗೆ ಹೋಗಿ ಆರು ತಿಂಗಳು ಕಲ್ತು, ಇಲ್ಲಿ ಬಂದು ಕೂಡಿಸಬೇಕು ಅಂತ ಹುಕುಂ ಆತು. ನಾಕು ಮಂದ್ಯಾಗ ನನ್ನ ಆರಿಸಿದ್ರು.

ಹೊಂಡೋ ದಿನ ಅಪ್ಪ ಉಳಿ ಕೆಳಗಿಟ್ಟು ಹೇಳಿದ: "ಬರೇ ನೋಡಿ ಬರಬ್ಯಾಡ ಲೇ. ಕೈ ಹಚ್ಚಿ ಕಲ್ತು ಬಾ. ಆ ಹಗ್ಗಕ್ಕ ಹನ್ನೆರಡು ಮಂದಿ ಜೋತು ಬೀಳ್ತಾರ, ತಿಳೀತಾ?"

ತಿಳೀತು ಅಂದೆ. ಅದು ಎಷ್ಟು ಕಷ್ಟದ ಮಾತು ಅನ್ನೋದು ಅಲ್ಲಿ ಹೋದಮ್ಯಾಲ ತಿಳೀತು.

ಕಾರ್ಖಾನಿ ಊರು, ಎರಡು ತಿಂಗಳು

ಕಾರ್ಖಾನಿ ಮೇಸ್ತ್ರಿ ಹೆಸರು ವಿಲ್. ಐವತ್ತೈದರ ಆಳು, ಕೆಂಪು ಮುಖ, ಮುಂದಕ್ಕ ಚಾಚಿದ ಹೊಟ್ಟಿ, ಮಾತು ಕಡಿಮಿ. ಹೋದ ದಿನ ನನ್ನ ಒಂದು ಗ್ವಾಡಿಗೆ ಒರಗಿಸಿ ನಿಲ್ಲಿಸಿ "ನೋಡು" ಅಂದ. ನಾ ನೋಡಿದೆ. ಮರುದಿನಾನೂ "ನೋಡು." ಹಿಂಗ ಎರಡು ತಿಂಗಳು ನೋಡಿದೆ. ಒಮ್ಮೆ ತಡಿಲಾರದ ಒಂದು ನಟ್ಟಿಗೆ ಕೈ ಚಾಚಿದೆ. "ಮುಟ್ಟಬ್ಯಾಡ, ಪ್ಲೀಸ್" ಅಂದ. ಆ ಮಂದಿ ಬೈಯೂದನ್ನೂ ಪ್ಲೀಸ್ ಹಚ್ಚೇ ಬೈತಾರ. ನಮ್ಮ ಗಣ್ಯಾಗ ಬೈದ್ರ ಬೈದಂಗ ಇರ್ತೈತಿ, ಸಂಜಿಕ ಮರತೂ ಹೋಗ್ತೈತಿ. ಈ ಪ್ಲೀಸಿನ ಬೈಗಳ ಎರಡು ದಿನ ಹೊಟ್ಯಾಗ ಉಳೀತು.

ವಿಲ್ ಮನಿ ಮ್ಯಾಲಿನ ಖೋಲ್ಯಾಗೇ ನನ್ನ ವಸತಿ. ಅಲ್ಲಿ ಸಣ್ಣವರು ದೊಡ್ಡವರು ಅನ್ನೋದಿಲ್ಲ, ಎಲ್ಲಾರೂ ಎಲ್ಲಾರನ್ನೂ ಹೆಸರು ಹಿಡದೇ ಕರೀತಾರ. ನಾ "ಸಾಹೇಬ್ರ" ಅಂದ್ರ ಅವಗ ಮುಜುಗರ, ಬರೇ "ವಿಲ್" ಅನ್ನಾಕ ನನಗ ನಾಲಿಗಿ ಹೊಳ್ಳವಲ್ದು. ಕಡೀಕ "ವಿಲ್ ಸಾಹೇಬ್ರ" ಅಂತ ರಾಜಿ ಮಾಡ್ಕೊಂಡೆ. ಅವನ ಹೆಂಡ್ತಿ ಎಲ್ಸಿ ಬಾಳ ಚಲೋ ಹೆಣ್ಮಗಳು. ಆಗಿನ್ನೂ ಅವರ ದೇಶದಾಗ ಮಾಂಸಕ್ಕ ರೇಶನ್ ಇತ್ತು. ಬರೇ ಆಲೂಗಡ್ಡಿ ಉಳ್ಳಾಗಡ್ಡಿ ತಿನ್ನಾವ ಒಬ್ಬ ಮನಿಗೆ ಬಂದಾನಂತ ತಿಳದ ಕೂಡ್ಲೇ ಆಕಿ ಮುಖ ಅರಳಿದ್ದನ್ನ ನಾ ಈಗೂ ಮರತಿಲ್ಲ. ನಮ್ಮ ಕರ್ಚಿಕಾಯಿಯಂಗ, ಆದ್ರ ಅಂಗೈಕಿಂತ ದೊಡ್ಡದು ಒಂದು ಕಡುಬು ಮಾಡಿ, ಒಲ್ಯಾಗ ಸುಟ್ಟು, ಮಧ್ಯಾಹ್ನಕ್ಕ ಕಟ್ಟಿ ಕೊಡ್ತಿದ್ಲು. ಅದರ ಮೂಲ್ಯಾಗ ಹಿಟ್ಟಿಲೇ ಒಂದು ಅಕ್ಷರ ಬರೀತಿದ್ಲು. ನಂದು ಯಾವುದು, ವಿಲ್‌ದು ಯಾವುದು ಗೊತ್ತಾಗಲೆಂತ. ಇಷ್ಟು ಅಚ್ಚುಕಟ್ಟು ಮಂದಿ ನನಗ ನಟ್ಟು ತಿರುವೋ ಒಂದು ಪಾನಾ ಕೈಯಾಗ ಕೊಡವಲ್ರಲ್ಲ ಅಂತ ಸಂಕಟ ಆಗ್ತಿತ್ತು.

ಬಿಸಿಲಿನ ಸುದ್ದಿ ಹೇಳಬೇಕು. ಅಲ್ಲಿ ಒಂದೀಟು ಬಿಸಿಲು ಬಿತ್ತಂದ್ರ ಎಲ್ಲಾರೂ ಹೊರಗ ಓಡಿ ಬಂದು ಮಾರಿ ಮ್ಯಾಲೆತ್ತಿ ಕುಂಡರ್ತಾರ. ನಾ ಮಸ್ಕಿಯಾವ, ಬಿಸಿಲು ಕಂಡ್ರ ಕಾಲು ತಾವೇ ನೆರಳಿಗೆ ಹೋಗ್ತಾವ. ಎಲ್ಸಿಗೆ ನನಗ ಮೈಯಾಗ ಆರಾಮಿಲ್ಲ ಅಂತ ಸಂಶಯ ಬಂದು ಔಷಧ ತಂದ್ಲು. ಕುಡದೆ. ಬ್ಯಾನಿ ಬ್ಯಾರೇ ಇತ್ತು. ನಾಕು ತಿಂಗಳು ಉಳದಾವ, ಕೈಗೆ ಇನ್ನೂ ಎಣ್ಣಿ ಹತ್ತಿಲ್ಲ. ನಾಳೆ ಲಿಂಗಸುಗೂರಿನ್ಯಾಗ ಆ ಯಂತ್ರದ ಪೆಟಗಿ ಬಿಚ್ಚಿದಾಗ ಎಲ್ಲಾರೂ ನನ್ನ ಮುಖ ನೋಡ್ತಾರ. ಅವಾಗ ಏನ್ ಮಾಡ್ಲಿ? ಇದೇ ಚಿಂತಿ ಹತ್ತಿತ್ತು.

ಮೊದಲನೇ ಶನಿವಾರ

ವಿಲ್‌ಗೆ ಒಂದು ದೋಣಿ ಇತ್ತು. ನಲವತ್ತು ವರ್ಷದ್ದು, ಕಟಿಗೀದು, ಒಂದು ಕಂಬ, ಎರಡು ಹಾಯಿ. ಅವನ ಅಪ್ಪ ಕಟ್ಟಿಸಿದ್ದು. ಎರಡು ವರ್ಷದ ಹಿಂದ ವಿಲ್ ಕಾಲು ಮುರಕೊಂಡಿದ್ದ, ಅವಾಗಿಂದ ಅದು ದಂಡಿ ಮ್ಯಾಲೆ, ತಗಡಿನ ಚಪ್ಪರದಾಗ, ದಿಮ್ಮಿ ಮ್ಯಾಲ ಕುಂತಿತ್ತು. ಈ ಸಲ ನೀರಿಗೆ ಇಳಿಸಬೇಕಂತ ಅವನ ಜೀವ ತುಡೀತಿತ್ತು.

ಹಾಯಿ ದೋಣಿ ತಳಾ ಹೆಂಗಿರ್ತೈತಿ ಅಂದ್ರ, ಉದ್ದಕ ಒಂದು ದಪ್ಪ ತೊಲಿ, ಅದರ ಕೆಳಗ ಎರಕದ ಕಬ್ಬಿಣದ ಒಂದು ದೊಡ್ಡ ಗಟ್ಟಿ. ಗಾಳಿ ಹಾಯಿಗೆ ಹೊಡದು ದೋಣಿ ವಾಲಿದ್ರ, ಆ ಗಟ್ಟಿ ಭಾರಕ್ಕ ಅದು ಮತ್ತ ನೆಟ್ಟಗ ಆಗ್ತೈತಿ. ಅದಕ್ಕ ಕೀಲ್ ಅಂತಾರ. ಆ ಗಟ್ಟೀನ್ನ ತೊಲಿಗೆ ಹಿಡದಿದ್ದು ಏಳು ಬೋಲ್ಟು. ಅವು ಬಿಟ್ವು ಅಂದ್ರ ಕಬ್ಬಿಣ ಒಂದು ಕಡೆ, ದೋಣಿ ಒಂದು ಕಡೆ, ಒಳಗಿನವರು ದೇವರ ಕಡೆ.

ವರ್ಷಾ ಆ ಬೋಲ್ಟು ನೋಡಾಕ ಅವನ ದೋಸ್ತ ಒಬ್ಬ ಬರ್ತಿದ್ದ, ಅವ ಬ್ಯಾರೇ ಊರಿಗೆ ಹೋಗ್ಯಾನ. ವಿಲ್‌ನ ಹೊಟ್ಟಿ ಆ ಇಕ್ಕಟ್ಟಿನ್ಯಾಗ ಹೋಗಂಗಿಲ್ಲ, ಕಾಲೂ ಮಡಚಂಗಿಲ್ಲ. "ಮಾನಪ್ಪನ್ನ ಕರ್ಕೊಂಡು ಹೋಗು, ಅವ ಇಲಿ ಹೋಗೋ ಸಂದ್ಯಾಗೂ ಹೋಗ್ತಾನ" ಅಂತ ಎಲ್ಸೀನೇ ಅಂದ್ಲು. ನನ್ನ ಸಣಕಲು ಮೈಗೆ ಅವತ್ತು ಮೊದಲನೇ ಸಲ ಬೆಲಿ ಬಂತು.

ಒಳಗಿನ ಹಲಗಿ ತಗದು, ಒಂದು ಮಗ್ಗಲಾಗಿ ಮಲಗಿ ಒಳಗ ಸರದೆ. ಡಾಂಬರಿನ ವಾಸನಿ. ವಿಲ್ ಮ್ಯಾಲಿಂದ ಪಾನಾ ಇಳಿಸಿದ. ಎರಡು ತಿಂಗಳಮ್ಯಾಲ ಪಾನಾ ಕೈಗೆ ಬಂತು ನೋಡ್ರಿ, ಕೂಸಿನ್ನ ಎತ್ಕೊಂಡಂಗ ಆತು. "ಒಂದೊಂದಕ್ಕೂ ಅರ್ಧ ಸುತ್ತು ಕೊಡು" ಅಂದ.

ನಮ್ಮ ಗಣ್ಯಾಗ ಪಂಪಿನ ಬೋಲ್ಟು ಬಿಗಿ ಮಾಡೂಕಿಂತ ಮೊದಲು ಸಣ್ಣ ಸುತ್ತಿಗಿಲೇ ಬಡದು ಸಪ್ಪಳ ಕೇಳೂದು ರೂಢಿ. ನಾನೂ ಬಡದೆ. ಮೊದಲನೇ ಮೂರು ಠಣ್ ಅಂದ್ವು. ನಾಕನೇದು ಬದ್ ಅಂತು.

"ವಿಲ್ ಸಾಹೇಬ್ರ, ನಾಕನೇದರ ಸಪ್ಪಳ ಬರೋಬರಿ ಇಲ್ರೀ" ಅಂದೆ, ನನ್ನ ಹರಕು ಇಂಗ್ಲೀಷಿನ್ಯಾಗ.

"ನೋಡಾಕ ಹೆಂಗೈತಿ?"

"ನೋಡಾಕ ಚಲೋ ಐತಿ."

"ಹಂಗಾರ ತಿರುವು."

ತಿರುವಿದೆ. ಕಾಲು ಸುತ್ತು ಬಿಗಿಯಾಗಿ ಬಂತು. ಆಮ್ಯಾಲ ಬೆಣ್ಣಿಯಂಗ ಮೆತ್ತಗಾತು. ಟಕ್ ಅಂತು. ನಟ್ಟು, ಅದರ ಜೊತಿಗೆ ಗೇಣುದ್ದ ಬೋಲ್ಟು, ಕೈಯಾಗ ಬಂತು.

ಎರಡು ತಿಂಗಳು ಕಾದು, ಸಿಕ್ಕ ಮೊದಲನೇ ಕೆಲಸದಾಗ ಮಾಲಕನ ಅಪ್ಪನ ಕಾಲದ ಬೋಲ್ಟು ಮುರದೆ. ಹೊರಗ ಬಂದು ಅದನ್ನ ಅವನ ಮುಂದ ಹಿಡದೆ. ವಿಲ್ ಒಂದು ಡಬ್ಬಿ ಮ್ಯಾಲ ಕುಂತು ತಂಬಾಕು ಸೇದೋ ನಳಗಿ ಹಚ್ಚಿದ. ಪ್ಲೀಸ್ ಅಂತಾದ್ರೂ ಅನ್ನಬಾರ್ದಾ ಅನಿಸ್ತು. ಅಲ್ಲೇ ಅತ್ತುಬಿಡ್ತಿದ್ದೆ, ಖರೇ ಹೇಳ್ತೀನಿ.

ಸುಮ್ನ ನಿಲ್ಲಲಾರದ ಮುರದ ತುಣುಕನ್ನ ಅಂಗೀಲೆ ಒರಿಸಿದೆ. ಆಗ ಕಂಡಿತು. ನಟ್ಟಿನ ಹತ್ರ ಹೆಬ್ಬೆಟ್ಟಿನ ದಪ್ಪ ಇದ್ದದ್ದು, ತೊಲಿಗೂ ಗಟ್ಟಿಗೂ ಕೂಡೋ ಜಾಗದಾಗ ಉಪ್ಪು ನೀರು ತಿಂದು ತಿಂದು ಕಿರಿಬೆರಳಿಗಿಂತ ಸಣ್ಣ ಆಗಿತ್ತು. ಮುರದ ಮೈ ನಡುವ ಒಂದು ಕಾಳಿನಷ್ಟು ಮಾತ್ರ ಹೊಳೀತಿತ್ತು. ಉಳದದ್ದೆಲ್ಲಾ ಹಳೇ ತುಕ್ಕು. ವಿಲ್ ಮುಂದ ಹಿಡದು "ಇದನ್ನ ನಾ ಮುರದಿಲ್ರೀ, ಇದು ಯಾವಾಗೋ ಮುರದೈತಿ" ಅಂದೆ.

ಅವ ನಳಗಿ ಬಾಯಿಂದ ತಗದ. ಬಾಳ ಹೊತ್ತು ನೋಡಿದ. "ಕಡೀ ಸಲ ಎಲ್ಸೀನ್ನ ಕೂಡಿಸ್ಕೊಂಡು ದೊಡ್ಡ ಗಾಳ್ಯಾಗ ಬಂದಿದ್ದೆ" ಅಂದ. ಆಮ್ಯಾಲ ಎದ್ದು, "ಏಳನ್ನೂ ಹೊರಗ ತಗಿ" ಅಂದ.

ಗಟ್ಟಿ ಕೆಳಗ ತಗ್ಗು ತೋಡಿ ಒಂದೊಂದೇ ಬೋಲ್ಟು ಕೆಳಕ್ಕ ಬಡದು ಬೀಳಿಸಿದ್ವಿ. ಬೀಳಿಸೂಕಿಂತ ಮೊದಲು ಉಳದವನ್ನೂ ಬಡದು ನೋಡಿದ್ದೆ, ನಾಕನೇದೂ ಹಿಡದು ಸಪ್ಪಳ ಸರಿ ಇಲ್ಲ ಅಂತ ನಾ ಹೇಳಿದ್ವು ಮೂರು. ಕೆಟ್ಟಿದ್ವೂ ಅವೇ ಮೂರು.

ಎರಡನೇ ಶನಿವಾರ

ಕಾರ್ಖಾನಿ ಕಮ್ಮಾರ ಏಳೂ ಹೊಸ ಬೋಲ್ಟು ಬಡದು ಕೊಟ್ಟ. ಆ ವಾರಾನೂ ನನಗ ಗ್ವಾಡಿ ಬಿಡಲಿಲ್ಲ, ನೋಡ್ಕೋತ ನಿಂತೆ. ದೋಣಿ ಬ್ಯಾರೇ, ಯಂತ್ರ ಬ್ಯಾರೇ ಅಂತ ವಿಲ್‌ನ ಲೆಕ್ಕ.

ಶನಿವಾರ ಬೋಲ್ಟು ಏರಿಸಿ ನಟ್ಟು ಕೂಡಿಸಿದ್ವಿ. ಹೊರಗಿಂದ ನೋಡಿದ್ರ ತೊಲಿಗೂ ಕಬ್ಬಿಣಕ್ಕೂ ನಡುವ ಉಗುರು ಹೋಗುವಷ್ಟು ಸಂದು. ವಿಲ್ ಪಾನಾಕ್ಕ ಮಾರುದ್ದ ಪೈಪು ಸಿಗಿಸಿ ಕೊಟ್ಟ. "ಆ ಸಂದು ಮುಚ್ಚೋತನಕ ಜಗ್ಗು. ಕಿರ್ ಅಂತ ಚೀರಬೇಕು."

ನಾ ಪೈಪು ತಗದು ಬದಿಗಿಟ್ಟೆ. "ಆಗಂಗಿಲ್ರೀ" ಅಂದೆ.

ಎಲ್ಲಿತ್ತೋ ಧೈರ್ಯ. ಆದ್ರ ನಾ ಬಡಿಗನ ಮಗ. ನಮ್ಮ ಕಡೆ ಬ್ಯಾಸಿಗ್ಯಾಗ ಗಾಲಿ ಕಟಿಗಿ ಒಣಗಿ, ಸುತ್ತಿನ ಕಬ್ಬಿಣದ ಹಳಿ ಸಡ್ಲ ಆಗಿ ಗಡಗಡ ಅಂತಾವ. ಪಾಮನಕಲ್ಲೂರಿನ ಒಕ್ಕಲಿಗರು ಬಂದು "ಮೇಸ್ತ್ರಿ, ನಾಕು ಬೆಣಿ ಬಡದು ಬಿಗಿ ಮಾಡು" ಅಂತ ಜಗಳಾ ಮಾಡ್ತಾರ. ಅಪ್ಪ ಒಟ್ಟ ಒಪ್ಪಂಗಿಲ್ಲ. "ಮೊದಲು ಗಾಲೀನ್ನ ಮೂರು ದಿನ ಹೊಂಡದಾಗ ಹಾಕಿ ಬಾ" ಅಂತಾನ. ಒಣ ಕಟಿಗಿ ಮ್ಯಾಲ ಬಿಗಿ ಮಾಡಿದ್ರ, ಮಳಿ ಬಿದ್ದು ಅದು ಉಬ್ಬಿದಾಗ ಹೋಗಾಕ ಜಾಗ ಇಲ್ಲದ ತಾನೇ ಸೀಳ್ಕೊಳ್ತೈತಿ. ಈ ದೋಣಿ ಎರಡು ವರ್ಷ ಚಪ್ಪರದಾಗ ಒಣಗೈತಿ. ಇದೂ ಒಂದು ಗಾಲೀನೇ.

ಇದನ್ನೆಲ್ಲಾ ಕೈ ಸನ್ನಿಲೇ ಹೇಳಿದೆ. ವಿಲ್ ಮುಖ ಇನ್ನೂ ಕೆಂಪಾತು. "ಹಲಗಿ ಉಬ್ಬತಾವಂತ ನನಗೂ ಗೊತ್ತೈತಿ. ಬೋಲ್ಟಿನ ಮಾತು ಬ್ಯಾರೇ, ಅದು ಕಬ್ಬಿಣ. ನಾ ಹುಟ್ಟಿದಾಗಿಂದ ಕಬ್ಬಿಣ ಬಿಗಿ ಮಾಡೀನಿ. ನೀ ಸಮುದ್ರ ಯಾವಾಗ ನೋಡೀದಿ?"

"ಮುಂಬೈದಾಗ. ಹಡಗ ಹತ್ತೂವಾಗ."

ಚಪ್ಪರದಾಗಿದ್ದ ಉಳಿದ ದೋಣಿಗಳ ಮಾಲಕರು ಗೊಳ್ಳಂತ ನಕ್ಕರು. ವಿಲ್ ನಗಲಿಲ್ಲ. ಮುರದ ಬೋಲ್ಟು ಅವನ ಕಿಸೇದಾಗೇ ಇತ್ತು, ಅದನ್ನ ಮುಟ್ಟಿ ನೋಡ್ಕೊಂಡ ಅನಸ್ತೈತಿ. "ದೋಣಿ ಮೂತಿ ಕಡೇದು ಒಂದು ನನ್ನ ಕೈಗೆ ನಿಲುಕತೈತಿ, ಅದನ್ನ ನಾ ಬಿಗಿ ಮಾಡ್ತೀನಿ, ನನ್ನ ರೀತಿ. ಉಳದ ಆರು ನಿನ್ನ ರೀತಿ ಮಾಡು" ಅಂದ. ಅವ ಪೈಪು ಹಾಕಿ ಚೀರಿಸಿದ. ನಾ ಬರೇ ಪಾನಾದಿಂದ, ಕೈ ಬಲಕ್ಕ ನಿಂತಲ್ಲಿಗೆ ಬಿಟ್ಟೆ.

ನೀರಾಗ ಮೂರು ದಿನ

ಭಾನುವಾರ ಸಮುದ್ರದ ನೀರು ಏರಿದಾಗ ದೋಣಿ ಇಳಿಸಿದ್ರು. ಇಳಿಸಿ ಅರ್ಧ ತಾಸಿಗೆ ಒಳಗ ಹಿಮ್ಮಡಿ ಮುಳುಗುವಷ್ಟು ನೀರು. ದಂಡಿ ಮ್ಯಾಲಿನವರು "ವಿಲ್, ಮೀನು ಸಾಕಾಕ ಹೊಂಟಿಯೇನು?" ಅಂತ ಚಾಷ್ಟಿ ಮಾಡಿದ್ರು. ಅವ ಬಕೆಟ್ಟಿಲೇ ನೀರು ಎತ್ತಿ ಚೆಲ್ಲತಾನ, ನಾ ಎತ್ತಿ ಚೆಲ್ಲತೀನಿ. "ಈಗರ ಬಿಗಿ ಮಾಡು" ಅಂದ ವಿಲ್. "ಬುಧವಾರತನಕ ತಡೀರಿ" ಅಂದೆ. ಹೊರಗ ಧಿಮಾಕು, ಒಳಗ ಲೆಕ್ಕ ಬ್ಯಾರೇ. ಗಾಲಿ ಇದ್ದಂಗ ದೋಣಿ ಇರದಿದ್ರ ನನ್ನ ಕಥಿ ಅಲ್ಲಿಗೆ ಮುಗೀತು, ಉಳದ ದಿನಾ ಎಲ್ಲಾ ಆ ಗ್ವಾಡಿನೇ ಗತಿ.

ಸೋಮವಾರ ನೀರು ಅರ್ಧ ಆತು. ಮಂಗಳವಾರ ಒಂದು ಬಕೆಟ್. ಬುಧವಾರ ಕೆಲಸ ಮುಗಿಸಿ ಇಬ್ಬರೂ ಹೋಗಿ ಹಲಗಿ ಎತ್ತಿದ್ವಿ. ತಳಾ ಒದ್ದಿ ಇತ್ತು, ನೀರು ಇರಲಿಲ್ಲ. ಒಳಗ ಸರದು ನನ್ನ ಆರಕ್ಕೂ ಪಾನಾ ಹಾಕಿದೆ. ತಾವೇ ಬಿಗಿ ಆಗಿದ್ವು, ಒಂದೂ ಅಲುಗಲಿಲ್ಲ. ಒಂದೊಂದಕ್ಕ ಕೂದಲೆಳಿಯಷ್ಟು ತಿರುವಿದೆ, ಸಾಕಾತು. ಆಮ್ಯಾಲ ಮೂತಿ ಕಡೆ ವಿಲ್ ಬಿಗಿ ಮಾಡಿದ ಏಳನೇದಕ್ಕ ಬಂದೆ. ಅದರ ವಾಶರ್ ಕಟಿಗ್ಯಾಗ ಅರ್ಧ ಬೆರಳು ಹೂತು ಹೋಗಿತ್ತು. ಬೋಲ್ಟು ಹಾಯ್ದ ಅಡ್ಡತೊಲ್ಯಾಗ, ಅದರ ಎರಡೂ ಕಡೆ, ಹೊಸ ಸೀಳು ಬಿಟ್ಟಿತ್ತು.

ವಿಲ್ ತಾನೇ ಬಗ್ಗಿ, ಕೈ ಚಾಚಿ, ಸೀಳಿನ ಗುಂಟ ಬೆರಳು ಆಡಿಸಿದ. "ನಿಮ್ಮಪ್ಪನ ಹೆಸರೇನು?" ಅಂತ ಕೇಳಿದ. ಹೇಳಿದೆ. ಎರಡು ಸಲ ಅನ್ನಿಸ್ಕೊಂಡು ಕಲ್ತ.

ಅವನ ಬೋಲ್ಟನ್ನ ಸಡ್ಲ ಮಾಡಿ, ಅಡ್ಡಕ್ಕ ಒಂದು ಗಟ್ಟಿ ಕಟಿಗಿ ತುಂಡು ಕೂಡಿಸಿ, ನನ್ನ ರೀತಿ ಬಿಗಿ ಮಾಡಿದೆ.

ಕೊಲ್ಲಿ ದಾಟಿ

ಮುಂದಿನ ಭಾನುವಾರ ಹಾಯಿ ಏರಿಸಿ ಕೊಲ್ಲಿ ಆಚೆ ಊರಿಗೆ ಹೊಂಟ್ವಿ. ಎಲ್ಸಿ ಕಡುಬು ಕಟ್ಟಿದ್ಲು. ಗಾಳಿ ಹೊಡದು ದೋಣಿ ಮಗ್ಗಲಾತು. ನಮ್ಮ ಜ್ವಾಳದ ಚೀಲ ಹೇರಿದ ಗಾಡಿ ಹಂಗ ವಾಲಿದ್ರ ಎತ್ತು ಬಿಟ್ಟು ಓಡಬೇಕು. ಇಲ್ಲಿ ಇಳದು ಓಡೂದು ಎಲ್ಲಿಗೆ? ಮೌನೇಶ್ವರನ್ನ ನೆನಿಸ್ಕೊಂಡು ಕಣ್ಣು ಮುಚ್ಚಿದೆ. ಕೆಳಗಿನ ಗಟ್ಟಿ ತನ್ನ ಭಾರ ಹಾಕಿತು, ಏಳು ಬೋಲ್ಟು ಹಿಡದ್ವು, ದೋಣಿ ನಿಧಾನಕ ನೆಟ್ಟಗಾತು. ಎಂಥಾ ಸುಖಾ ಅಂತೀರಿ. ಅದು ಎದ್ದು ನಿಂತದ್ದು ನನ್ನ ಕೈ ಕೆಲಸದ ಮ್ಯಾಲ.

ವಿಲ್ ಚುಕ್ಕಾಣಿ ಕೋಲು ನನ್ನ ಕೈಗೆ ಕೊಟ್ಟ. ಎತ್ತಿನ ಹಗ್ಗಾ ಎಡಕ್ಕ ಜಗ್ಗಿದ್ರ ಗಾಡಿ ಎಡಕ್ಕ ಹೋಗ್ತೈತಿ. ಆ ಕೋಲು ಎಡಕ್ಕ ಜಗ್ಗಿದ್ರ ದೋಣಿ ಬಲಕ್ಕ ಹೋಗ್ತೈತಿ. ಎದುರು ಬರೋ ಮೀನುಗಾರನಿಗೆ ದಾರಿ ಬಿಡಾಕ ಹೋಗಿ ನೆಟ್ಟಗ ಅವನ ಮ್ಯಾಲೇ ಹೋದೆ. ಅವ ಅಂದದ್ದರಾಗ ಪ್ಲೀಸ್ ಇರಲಿಲ್ಲ. ಎಲ್ಸಿ ಕಣ್ಣಾಗ ನೀರು ಬರೋತನಕ ನಕ್ಕಳು, ವಿಲ್ ನಕ್ಕದ್ದನ್ನೂ ಅವತ್ತೇ ನೋಡಿದೆ. ಆಚೆ ದಂಡಿ ಮುಟ್ಟೂದರಾಗ ಹೊಟ್ಟ್ಯಾಗಿನ ಕಡುಬು ಸಮುದ್ರದ ಪಾಲಾತು, ಅದನ್ನೂ ಮುಚ್ಚಿಡಂಗಿಲ್ಲ.

ಮತ್ತ ಕಾರ್ಖಾನಿ

ಸೋಮವಾರ ನಾ ನನ್ನ ಗ್ವಾಡಿ ಹತ್ರ ಹೋಗಿ ನಿಂತೆ. ಅವತ್ತು ನಮ್ಮ ಯಂತ್ರಕ್ಕ ಬ್ರೇಕು ಕೂಡಿಸೂದಿತ್ತು. ದೊಡ್ಡ ಉರುಳಿಗೆ ಹಗ್ಗ ಸುತ್ತಿರ್ತೈತಿ. ಆ ಉರುಳೀನ್ನ ಎರಡೂ ಕಡಿಂದ ಕಟಿಗಿ ತುಂಡು ಒತ್ತಿ ಹಿಡದು ಡೋಲಿ ನಿಲ್ಲಿಸ್ತಾವ. ಕಟಿಗಿ ತುಂಡಿಗೆಲ್ಲಾ ಬೋಲ್ಟು. ಕೆಲಸಗಾರರು ಪಾನಾ ಹಿಡದು ತಯಾರಿದ್ರು. ವಿಲ್ ಕೈ ಎತ್ತಿ ಅವರನ್ನ ತಡದು, ಇಡೀ ಕಾರ್ಖಾನಿ ಕೇಳುವಂಗ ನನ್ನ ಕಡೆ ತಿರುಗಿ ಕೇಳಿದ: "ಮಾನಪ್ಪ, ಇವನ್ನ ಎಷ್ಟು ಬಿಗಿ ಮಾಡೂದು?"

ಎರಡೂವರಿ ತಿಂಗಳಿಂದ ಆ ಕಾರ್ಖಾನ್ಯಾಗ ನನಗ ಯಾರೂ ಏನೂ ಕೇಳಿರಲಿಲ್ಲ. ಯಂತ್ರದ ಹತ್ರ ಹೋದೆ. ಕಟಿಗಿ ಮುಟ್ಟಿದೆ. ಅವರ ಮಳಿ ದೇಶದ ಕಟಿಗಿ, ನೀರು ಕುಡದು ಕೊಬ್ಬಿತ್ತು. ಬೋಲ್ಟು ನೋಡಿದೆ. ನಟ್ಟು ತಿರುಗಿ ಏರೋ ಸುರುಳಿ ಗೆರಿಗೆ ನಾವು ಗರಿ ಅಂತೀವಿ, ಆ ಗರಿ ನಟ್ಟಿನ ಮಟಕ್ಕೇ ಮುಗದಿದ್ವು, ಇನ್ನೊಂದು ಸುತ್ತು ತಿರುವಾಕ ಜಾಗ ಇರಲಿಲ್ಲ.

"ಇಲ್ಲಿ ಎಷ್ಟು ಬಿಗಿ ಮಾಡಿದ್ರೂ ನಡೀತೈತ್ರೀ" ಅಂದೆ. "ಆದ್ರ ಇದು ಇಲ್ಲಿ ಇರಂಗಿಲ್ಲ. ಲಿಂಗಸುಗೂರಿಗೆ ಬರ್ತೈತಿ. ಅಲ್ಲಿ ಬ್ಯಾಸಿಗ್ಯಾಗ ಈ ಕಟಿಗಿ ಒಣಗಿ ಸಣ್ಣ ಆಗ್ತೈತಿ, ಬೋಲ್ಟು ಸಡ್ಲ ಆಗ್ತಾವ. ಅವಾಗ ತಿರುವಬೇಕಂದ್ರ ಗರಿ ಇಲ್ಲ. ಗರಿ ಎರಡು ಬೆರಳು ಕೆಳಗಿನತನಕ ಕೊರೀಬೇಕು."

ವಿಲ್ ನಕಾಶಿ ತರಿಸಿ, ಪೆನ್ಸಿಲ್ ತಗದು, ಹಳೇ ಅಳತಿ ಹೊಡದು ಹಾಕಿದ. ಎಲ್ಲಾ ಬೋಲ್ಟೂ ಬಿಚ್ಚಿಸಿದ. ಆಮ್ಯಾಲ ಎದುರಿಗಿದ್ದವನ ಕೈಯಾಗಿಂದ ಪಾನಾ ಇಸ್ಕೊಂಡು ನನಗ ಕೊಟ್ಟು, "ಬ್ರೇಕು ನಿಂದು" ಅಂದ. ಉಳದ ಮೂರೂವರಿ ತಿಂಗಳಾಗ ಆ ಯಂತ್ರವನ್ನ ಎರಡು ಸಲ ಪೂರಾ ಬಿಚ್ಚಿ ಎರಡು ಸಲ ಕೂಡಿಸಿದೆ. ಕಣ್ಣು ಕಟ್ಟಿದ್ರೂ ಕೂಡಿಸ್ತಿದ್ದೆ ಅಂತ ಜಂಬ ಕೊಚ್ಚಬಹುದು, ಕೊಚ್ಚತೀನಿ ಕೂಡ.

ಲಿಂಗಸುಗೂರು

ಪೆಟಗಿಗಳು ಗಣಿಗೆ ಬಂದ್ವು, ಯಂತ್ರ ಕೂಡಿಸಿದೆ. ಮಳಿಗಾಲ ಚಳಿಗಾಲ ಆರಾಮ ನಡೀತು. ಬ್ಯಾಸಿಗಿ ಬಂತು, ನೆಲ ಬಾಯಿ ಬಿಟ್ಟಿತು. ಒಂದು ಮುಂಜಾನಿ ಎಂದಿನಂಗ ಬ್ರೇಕಿನ ಬೋಲ್ಟು ಬಡಕೋತ ಹೋದೆ. ಒಂದಾದಮ್ಯಾಲ ಒಂದು, ಎಲ್ಲಾ ಬದ್ ಅಂದ್ವು. ಕೆಳಗ ಇಳಿಯೋ ಪಾಳಿ ಮಂದಿ ಬುತ್ತಿ ಹಿಡದು ಸಾಲಾಗಿ ನಿಂತಿದ್ರು. "ತಡೀರಿ" ಅಂದೆ. ಒಂದೊಂದಕ್ಕೂ ಒಂದೂವರಿ ಸುತ್ತು ಹಿಡೀತು. ಹೊಸದಾಗಿ ಕೊರಿಸಿದ ಗರಿ ಮ್ಯಾಲೇ ನಟ್ಟು ಬಂದು ಕುಂತ್ವು. ಹಳೇ ಅಳತಿ ಇದ್ದಿದ್ರ ಅಲ್ಲೇ ನಿಂತು ಬಿಡ್ತಿದ್ವು, ಅವತ್ತು ಡೋಲಿ ಎಲ್ಲಿ ಹೋಗಿ ನಿಲ್ಲತಿತ್ತೋ ಹೇಳಾಕ ಬರಂಗಿಲ್ಲ.

"ಆತೇನೋ ಮಾನಪ್ಪ? ಇಳೀಬಹುದಾ?" ಅಂತ ಸಾಲಿನ ಮುಂದಿನಾವ ಕೇಳಿದ.

ಅವನ್ನ ಸರಿಸಿ ಮೊದಲು ನಾನೇ ಡೋಲ್ಯಾಗ ನಿಂತೆ. ಹಿಂದ ಹನ್ನೊಂದು ಮಂದಿ ಹತ್ತಿದ್ರು.